300 ಡಾಲರ್ ಒಳಗೆ ಮೊದಲ ರೈಫಲ್ ಸ್ಕೋಪ್: ಆರಿಸುವುದು, ಕೂರಿಸುವುದು, ಗುರಿ ಹೊಂದಿಸುವುದು

ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮುಗಿದ ವಾರ ನನಗೆ ಒಂದೇ ತರದ ಫೋನು ಬರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ಲಿನ ಜಿಂಕೆ ಸೀಸನ್ ಶುರುವಾಗುವುದೇ ಆ ಶನಿವಾರ. ಹೋದ ಸಲ ಫೋನು ಮಾಡಿದವನು ಹೇಳಿದ್ದು ಇಷ್ಟು: "ಮಾರಾಯ, ಜಿಂಕೆ 40 ಗಜದಲ್ಲಿ ನಿಂತಿತ್ತು. ಸ್ಕೋಪಿನಲ್ಲಿ ನೋಡಿದ್ರೆ ಬರೀ ಕಂದು ಕೂದಲು. ಎದೆಯೋ ತೊಡೆಯೋ ಗೊತ್ತಾಗ್ಲಿಲ್ಲ. ಪವರ್ ಕಮ್ಮಿ ಮಾಡೋಣ ಅಂತ ರಿಂಗ್ ತಿರುಗಿಸೋವಷ್ಟರಲ್ಲಿ ಅದು ಹೋಗಿತ್ತು."

ಅವನ ರೈಫಲ್ ಮೇಲೆ ಇದ್ದದ್ದು 6-24×50 ಸ್ಕೋಪ್, ಅಂದರೆ 6ರಿಂದ 24 ಪಟ್ಟು ಹತ್ತಿರ ತೋರಿಸುವ ಗುರಿ ದುರ್ಬೀನು. ಒನಕೆಯಷ್ಟು ಉದ್ದ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಪವರನ್ನು 24ಕ್ಕೆ ತಿರುಗಿಸಿದ್ದವನು ಹಾಗೇ ಕಾಡಿಗೆ ಹೋಗಿದ್ದಾನೆ. ಇವನೊಬ್ಬನದೇ ಅಲ್ಲ. ಇಲ್ಲಿ ಶಿಕಾರಿ ಶುರು ಮಾಡಿದ ನಮ್ಮ ಕಡೆಯವರು ಹತ್ತು ಜನ ಇದ್ದರೆ ಏಳು ಜನ ಇದೇ ತಪ್ಪು ಮಾಡಿದ್ದಾರೆ, ಮಾಡಿದ ಮೇಲೆ ಇನ್ನೂರು ಡಾಲರ್ ಹೆಚ್ಚು ಕೊಟ್ಟು ಇನ್ನೂ ದೊಡ್ಡ ಸ್ಕೋಪ್ ಕೊಂಡು ಅದೇ ತಪ್ಪನ್ನು ಎರಡನೇ ಸಲ ಮಾಡಿದ್ದಾರೆ. ಅದಕ್ಕೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಹಣ ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಶುರು ಮಾಡುವ ಮೊದಲು: ಕಾನೂನಿನ ಎರಡು ಮಾತು

ಇದು ಅಮೆರಿಕದಲ್ಲಿ ಇದ್ದು, ಲೈಸೆನ್ಸ್ ಮಾಡಿಸಿಕೊಂಡು ಶಿಕಾರಿ ಮಾಡುವವರಿಗೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಇಲ್ಲಿ ಎಚ್-1ಬಿ ತರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಜಾಸ್ತಿ ಎಚ್ಚರವಾಗಿರಬೇಕು. ಫೆಡರಲ್ ಕಾನೂನಿನ ಪ್ರಕಾರ ಅಂಥವರು ಸಾಮಾನ್ಯವಾಗಿ ಬಂದೂಕನ್ನೂ ತೋಟೆಯನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಏನೇ ಆದರೂ ಕೊಳ್ಳುವ ಮೊದಲು ನಿಮ್ಮ ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ. ಮೊದಲ ಸಲದವರು ಹಂಟರ್ ಎಜುಕೇಷನ್ ತರಗತಿಯನ್ನೂ ಮುಗಿಸಿರಬೇಕು.

ಮತ್ತೊಂದು. ಊರಿಗೆ ಹೋಗುವಾಗ "ಭಾವ ಕೇಳಿದ್ರು" ಅಂತ ಸ್ಕೋಪನ್ನು ಸೂಟ್‌ಕೇಸಿಗೆ ಹಾಕಬೇಡಿ. ಬಂದೂಕಿನ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ.

ಬೇಕಾಗುವ ಸಾಮಾನು

ಸ್ಕೋಪ್ ಬಿಟ್ಟು ಇವು ಬೇಕು: ನಿಮ್ಮ ರೈಫಲ್ಲಿಗೆ ಸರಿಹೊಂದುವ ಬೇಸ್ (ರೈಫಲ್ ಮೇಲೆ ಕೂರುವ ಪಟ್ಟಿ), ಒಂದು ಜೊತೆ ರಿಂಗ್ (ಬೇಸಿನ ಮೇಲೆ ಸ್ಕೋಪನ್ನು ಹಿಡಿದಿಡುವ ಉಂಗುರ), ಇಂಚ್-ಪೌಂಡ್ ಅಳತೆಯ ಟಾರ್ಕ್ ಡ್ರೈವರ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಕ್ರೂಡ್ರೈವರ್), ಎರಡು ಪುಟ್ಟ ರಸಮಟ್ಟ, ಒಂದು ದಾರ ಮತ್ತು ತೂಗುಗುಂಡು, ಎರಡು ಮರಳು ಚೀಲ, ಒಂದೇ ಕಂಪನಿಯ ಒಂದೇ ತೂಕದ ತೋಟೆಯ ಮೂರು ಡಬ್ಬಿ, ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ. ಒಂದು ನೋಟ್‌ಬುಕ್ಕೂ ಇರಲಿ. ತೂಗುಗುಂಡು ಇಲ್ಲದಿದ್ದರೆ ದಾರಕ್ಕೆ ಒಂದು ನಟ್ಟು ಕಟ್ಟಿ ನೇತುಹಾಕಿದರೂ ಆಯಿತು.

ಹಂತ 1: ಅಂಗಡಿಗೆ ಹೋಗುವ ಮೊದಲು ಕಾಡಿಗೆ ಹೋಗಿ

ನೀವು ಕೂರುವ ಜಾಗದಲ್ಲಿ ನಿಂತು ಎಷ್ಟು ದೂರ ಕಾಣುತ್ತದೆ ಅಂತ ಹೆಜ್ಜೆ ಹಾಕಿ ಅಳೆಯಿರಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಎಲೆ ಉದುರಿದ ಮೇಲೂ ಪೆನ್ಸಿಲ್ವೇನಿಯಾದ ಕಾಡಿನಲ್ಲಿ 100 ಗಜ ಸ್ವಚ್ಛವಾಗಿ ಕಂಡರೆ ನಿಮ್ಮ ಅದೃಷ್ಟ. ಪೊದೆ ಜಾಸ್ತಿ ಇರುವ ಕಡೆ 50 ಗಜ. ಹೊಲದ ಅಂಚಿನಲ್ಲಿ ಕೂತರೆ 150, 200. ವಯೋಮಿಂಗ್‌ನ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಅನ್ನುವ ಚಿಗರೆಯಂಥ ಪ್ರಾಣಿ ಹೊಡೆಯುವವರ ವಿಡಿಯೋ ನೋಡಿ, ಅವರ ಸ್ಕೋಪನ್ನು ಇಲ್ಲಿನ ಪೊದೆಗೆ ತರುವುದು ಗದ್ದೆ ಉಳಲು ಲಾರಿ ಕೊಂಡ ಹಾಗೆ.

ಅಳೆದ ದೂರವನ್ನು ಬರೆದಿಟ್ಟುಕೊಳ್ಳಿ. ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆಯೇ.

ಹಂತ 2: ದುಡ್ಡನ್ನು ಮೊದಲೇ ಹಂಚಿ

ಕೈಯಲ್ಲಿ 400 ಡಾಲರ್ ಇದೆ ಅಂತಿಟ್ಟುಕೊಳ್ಳಿ. 400ರ ಸ್ಕೋಪ್ ಕೊಂಡು, 12 ಡಾಲರಿನ ರಿಂಗ್ ಹಾಕಿ, ಒಂದೇ ಡಬ್ಬಿ ತೋಟೆಯಲ್ಲಿ ಮುಗಿಸುವುದು ಮಾಮೂಲಿ ತಪ್ಪು. ನಾನು ಹೀಗೆ ಹಂಚುತ್ತೇನೆ: ಸ್ಕೋಪಿಗೆ 200, ಬೇಸ್ ಮತ್ತು ರಿಂಗಿಗೆ 60, ಟಾರ್ಕ್ ಡ್ರೈವರಿಗೆ 50, ಉಳಿದದ್ದು ತೋಟೆಗೆ. ಕೈ ಸ್ವಲ್ಪ ಸಡಿಲ ಇದ್ದರೆ ಸ್ಕೋಪನ್ನು 300ರವರೆಗೆ ಏರಿಸಬಹುದು. ಮೊದಲ ಸ್ಕೋಪಿಗೆ ಅದಕ್ಕಿಂತ ಜಾಸ್ತಿ ಬೇಡ.

ಕೆಳಗಿನ ಮಿತಿ ಎಲ್ಲಿ? ನನ್ನ ಮಟ್ಟಿಗೆ 120, 130 ಡಾಲರಿನ ಕೆಳಗೆ ಜಿಂಕೆ ರೈಫಲ್ಲಿಗೆ ಸ್ಕೋಪ್ ಹುಡುಕುವುದು ಜೂಜು. ಅಂತರ್ಜಾಲದಲ್ಲಿ 45 ಡಾಲರಿಗೆ ಸಿಗುವ, ಕೆಂಪು-ಹಸಿರು ದೀಪ ಉರಿಯುವ, ಮೇಲೊಂದು ಲೇಸರ್ ಅಂಟಿಸಿಕೊಂಡು ಬರುವ ಸ್ಕೋಪನ್ನು ನಾನೇ ಮೊದಲ ವರ್ಷ ಕೊಂಡಿದ್ದೆ. 14ನೇ ಗುಂಡಿಗೆ ಒಳಗೆ ಏನೋ ಕಳಚಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡತೊಡಗಿತು.

ಹಂತ 3: ಸಂಖ್ಯೆಯನ್ನು ಓದಲು ಕಲಿಯಿರಿ

3-9×40 ಅಂದರೆ ಚಿತ್ರವನ್ನು 3ರಿಂದ 9 ಪಟ್ಟು ಹತ್ತಿರ ತರುತ್ತದೆ, ಮುಂದಿನ ಲೆನ್ಸ್ 40 ಮಿಲಿಮೀಟರ್ ಅಗಲ. ಅಷ್ಟೇ. ಮೊದಲ ಸಲದವರಿಗೆ ನನ್ನ ಉತ್ತರ ಯಾವಾಗಲೂ ಇದೇ ಸ್ಕೋಪ್. ಪೂರಾ ಪೊದೆಯಲ್ಲೇ ಕೂರುವವರಾದರೆ 2-7×33. ಇದನ್ನು ಕೇಳಿದ ತಕ್ಷಣ "ಇಷ್ಟೇನಾ?" ಅನ್ನುವ ಮುಖ ಮಾಡುತ್ತಾರೆ. ಹಾಗಾಗಿ ಲೆಕ್ಕ ತೋರಿಸುತ್ತೇನೆ.

ಮೊದಲನೆಯದು ಅಗಲ. 3 ಪವರಿನಲ್ಲಿ 100 ಗಜ ದೂರದಲ್ಲಿ ಸುಮಾರು 33 ಅಡಿ ಅಗಲದ ಜಾಗ ಕಾಣುತ್ತದೆ. 9ರಲ್ಲಿ ಸುಮಾರು 11 ಅಡಿ. 24ರಲ್ಲಿ ನಾಲ್ಕೈದು ಅಡಿ. ಇದು 100 ಗಜದ ಲೆಕ್ಕ. 40 ಗಜಕ್ಕೆ ಬಂದರೆ ಆ ನಾಲ್ಕೈದು ಅಡಿ ಎರಡು ಅಡಿಗೂ ಕಮ್ಮಿ ಆಗುತ್ತದೆ. ಜಿಂಕೆಯ ಮೈ ಅದಕ್ಕಿಂತ ಉದ್ದ. ನನ್ನ ಗೆಳೆಯನಿಗೆ ಕಂಡ ಕಂದು ಕೂದಲು ಇದೇ.

ಎರಡನೆಯದು ಬೆಳಕು. ಮುಂದಿನ ಲೆನ್ಸಿನ ಅಗಲವನ್ನು ಪವರಿನಿಂದ ಭಾಗಿಸಿ. ಸ್ಕೋಪಿನ ಹಿಂದಿನಿಂದ ಹೊರಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 40 ಭಾಗಿಸು 9 ಅಂದರೆ 4.4 ಮಿಲಿಮೀಟರ್. ಅದೇ ಸ್ಕೋಪನ್ನು 6ಕ್ಕೆ ಇಳಿಸಿದರೆ 6.7. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 5ರಿಂದ 7 ಮಿಲಿಮೀಟರ್ ತೆರೆಯುತ್ತದೆ, ವಯಸ್ಸಾದಂತೆ ಕಮ್ಮಿ. ಆ ದೊಡ್ಡ 6-24×50ನ್ನು 24ರಲ್ಲಿ ಇಟ್ಟರೆ? 2.1. ಕಣ್ಣು ಬಾಗಿಲು ತೆರೆದು ಕಾಯುತ್ತಿದ್ದರೂ ಒಳಗೆ ಬರುವುದು ಒಂದು ಸಣ್ಣ ಕಿಂಡಿಯ ಬೆಳಕು. ಇಲ್ಲಿ ಜಿಂಕೆ ಶಿಕಾರಿಯ ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ. ಜಿಂಕೆ ಓಡಾಡುವುದೂ ಆ ಎರಡು ಅರ್ಧ ಗಂಟೆಗಳ ಸುತ್ತಲೇ. "ದೊಡ್ಡ ಸ್ಕೋಪಿನಲ್ಲಿ ಕತ್ತಲಾಗಿ ಕಾಣ್ತು" ಅನ್ನುವವರು ಮೊದಲು ಪವರ್ ಇಳಿಸಿ ನೋಡಬೇಕು.

ಹಾಗಾದರೆ 50 ಮಿಲಿಮೀಟರ್ ಲೆನ್ಸನ್ನೇ ಕಮ್ಮಿ ಪವರಿನಲ್ಲಿ ಇಟ್ಟುಕೊಳ್ಳಬಹುದಲ್ವಾ? ಕೊಳ್ಳಬಹುದು. ಆದರೆ ಲೆನ್ಸ್ ದೊಡ್ಡದಾದರೆ ಎತ್ತರದ ರಿಂಗ್ ಬೇಕು. ರಿಂಗ್ ಎತ್ತರವಾದರೆ ಕೆನ್ನೆ ಹಿಡಿಕೆಯ ಮೇಲೆ ಕೂರುವುದಿಲ್ಲ, ಗದ್ದ ಊರಬೇಕಾಗುತ್ತದೆ. ತಲೆ ಪ್ರತಿ ಸಲ ಬೇರೆ ಜಾಗಕ್ಕೆ ಬರುತ್ತದೆ. ತೂಕವೂ ಜಾಸ್ತಿ. ಒಂದು ಪಡೆದು ಮೂರು ಕಳೆದುಕೊಳ್ಳುವ ವ್ಯಾಪಾರ ಅದು.

ಕೊಳವೆ 1 ಇಂಚಿನದೋ 30 ಮಿಲಿಮೀಟರಿನದೋ ಅನ್ನುವ ಚರ್ಚೆ ನಿಮಗೆ ಈಗ ಬೇಡ. 30ರ ಕೊಳವೆ ಜಾಸ್ತಿ ಬೆಳಕು ತರುತ್ತದೆ ಅನ್ನುವುದು ಅಂಗಡಿಯವರ ಮಾತು. ಅದು ಕೊಡುವುದು ಮುಖ್ಯವಾಗಿ ಟರೆಟ್, ಅಂದರೆ ಗುರಿ ಸರಿಪಡಿಸುವ ಗುಬ್ಬಿ, ಹೆಚ್ಚು ತಿರುಗಿಸುವ ಅವಕಾಶ. ರಿಂಗ್ ಕೊಳ್ಳುವಾಗ ಅಳತೆ ಸರಿಯಾಗಿ ನೆನಪಿದ್ದರೆ ಸಾಕು.

ಹಂತ 4: ಬೇಡದ್ದನ್ನು ಬಿಡಿ

ರೆಟಿಕಲ್, ಅಂದರೆ ಒಳಗೆ ಕಾಣುವ ಗೆರೆ, ಡ್ಯೂಪ್ಲೆಕ್ಸ್ ಇರಲಿ. ಅಂಚಿನಲ್ಲಿ ದಪ್ಪ, ನಡುವೆ ತೆಳು. ಮಬ್ಬಿನಲ್ಲೂ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಎಳೆದು ತರುತ್ತವೆ. ಕ್ರಿಸ್‌ಮಸ್ ಗಿಡದ ಹಾಗೆ ಚುಕ್ಕಿ-ಗೆರೆ ತುಂಬಿದ ರೆಟಿಕಲ್ ಬೇಡ.

ಫಸ್ಟ್ ಫೋಕಲ್ ಪ್ಲೇನ್ ಅಂತ ಒಂದು ವಿಧ ಇದೆ. ಅದರಲ್ಲಿ ಪವರ್ ಜೊತೆ ಗೆರೆಯೂ ದೊಡ್ಡದು-ಚಿಕ್ಕದು ಆಗುತ್ತದೆ. ದೂರದ ಗುರಿಯವರಿಗೆ ಒಳ್ಳೆಯದು. ನಮಗೆ ಪವರ್ ಇಳಿಸಿದಾಗ, ಅಂದರೆ ಬೆಳಕು ಕಮ್ಮಿ ಇರುವಾಗಲೇ, ಗೆರೆ ಜೇಡರ ಬಲೆಯಷ್ಟು ತೆಳ್ಳಗಾಗಿ ಮಾಯವಾಗುತ್ತದೆ. ಸೆಕೆಂಡ್ ಫೋಕಲ್ ಪ್ಲೇನ್ ಸಾಕು, ಅದೇ ಅಗ್ಗ ಕೂಡ.

ಟರೆಟ್‌ಗಳ ಮೇಲೆ ಮುಚ್ಚಳ ಇರಲಿ. ತೆರೆದ ಟರೆಟ್ ಜಾಕೆಟ್ಟಿಗೆ ಉಜ್ಜಿ ತಾನೇ ತಿರುಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಡಬ್ಬಿಯ ಮೇಲೆ ನೋಡಬೇಕಾದ್ದು: ಫುಲ್ಲಿ ಮಲ್ಟಿ-ಕೋಟೆಡ್ ಲೆನ್ಸ್ (ಎಲ್ಲ ಮೇಲ್ಮೈಗೂ ಹಲವು ಪದರ ಲೇಪನ), ನೀರು ಮತ್ತು ಮಂಜು ತಡೆಯಲು ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದ್ದು, ಐ ರಿಲೀಫ್ (ಪೂರ್ತಿ ಚಿತ್ರ ಕಾಣುವಾಗ ಕಣ್ಣಿಗೂ ಸ್ಕೋಪಿಗೂ ಇರುವ ದೂರ) ಕನಿಷ್ಠ 3.5 ಇಂಚು. ಕೊನೆಯದನ್ನು ಮರೆಯಬೇಡಿ. ಜೊತೆಗೆ .22ರ ಸಣ್ಣ ತೋಟೆಯ ರೈಫಲ್ಲಿನ ಸ್ಕೋಪ್ ಕಮ್ಮಿ ಬೆಲೆಗೆ ಸಿಕ್ಕಿತು ಅಂತ .308ರಂಥ ದೊಡ್ಡ ತೋಟೆಯ ರೈಫಲ್ ಮೇಲೆ ಹಾಕಬೇಡಿ. ಅದರ ಪ್ಯಾರಲಾಕ್ಸ್ (ಕಣ್ಣು ಸರಿದರೂ ಗೆರೆ ಗುರಿಯ ಮೇಲೆ ಸರಿಯದಂತೆ ಮಾಡುವ ಹೊಂದಿಕೆ) ಹೆಚ್ಚಾಗಿ 50, 60 ಗಜಕ್ಕೆ ಹೊಂದಿಸಿರುತ್ತದೆ, ಐ ರಿಲೀಫ್ ಕಮ್ಮಿ ಇರುತ್ತದೆ, ಅಷ್ಟು ಒದೆತ ತಡೆಯಲು ಮಾಡಿದ್ದೂ ಅಲ್ಲ.

ಹೆಸರು ಹೇಳಿ ಅನ್ನುತ್ತೀರಿ, ಗೊತ್ತು. ವೋರ್ಟೆಕ್ಸ್ ಕ್ರಾಸ್‌ಫೈರ್ 2, ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಮ್, ಬರಿಸ್ ಫುಲ್‌ಫೀಲ್ಡ್. ಮೂರರಲ್ಲೂ 3-9×40 ಬರುತ್ತದೆ. ಲ್ಯೂಪೋಲ್ಡ್ ಸ್ವಲ್ಪ ತುಟ್ಟಿ, ಆದರೆ ಹಗುರ. ವೋರ್ಟೆಕ್ಸ್ ಜೀವಮಾನದ ಗ್ಯಾರಂಟಿ ಕೊಡುತ್ತದೆ, ನೀವು ಮೊದಲ ಮಾಲೀಕರೇ ಆಗಿರಬೇಕು ಅಂತಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅನುಕೂಲ. ಮೂರರಲ್ಲಿ ಯಾವುದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಬದಲು ಆ ಸಮಯದಲ್ಲಿ ರೇಂಜಿಗೆ ಹೋಗಿ.

ಹಂತ 5: ಅಂಗಡಿಯಲ್ಲಿ ಹತ್ತು ನಿಮಿಷ

ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಹೊತ್ತಿಗೆ ಹೋಗಿ. ಬರೀ ಸ್ಕೋಪನ್ನು ಕೈಯಲ್ಲಿ ಹಿಡಿದು ಬಾಗಿಲಿನ ಹತ್ತಿರ ನಿಂತು ಹೊರಗಿನ ಮಬ್ಬಿನಲ್ಲಿ ಮರದ ಕೊಂಬೆ ನೋಡಲು ಕೇಳಿ, ಸಾಮಾನ್ಯವಾಗಿ ಬಿಡುತ್ತಾರೆ. ಆಗದಿದ್ದರೆ ಅಂಗಡಿಯ ಅತಿ ಕತ್ತಲೆಯ ಮೂಲೆಯಲ್ಲಿರುವ ಡಬ್ಬಿಯ ಅಕ್ಷರ ಓದಿ. ಬೇರೆ ಬೇರೆ ಸ್ಕೋಪನ್ನು ಒಂದೇ ಪವರಿನಲ್ಲಿ, 6ರಲ್ಲಿ ಅಂತಿಟ್ಟುಕೊಳ್ಳಿ, ಹೋಲಿಸಬೇಕು.

ಆಮೇಲೆ ಪವರ್ ರಿಂಗ್ ತಿರುಗಿಸಿ. ಕೈಗವಸು ಹಾಕಿದ ಕೈಗೂ ತಿರುಗುವಂತಿರಬೇಕು. ಟರೆಟ್ ತಿರುಗಿಸಿ. ಪ್ರತಿ ಕ್ಲಿಕ್ ಬೆರಳಿಗೆ ಬೇರೆಬೇರೆಯಾಗಿ ಸಿಗಬೇಕು. ಹಸಿ ಹಿಟ್ಟು ತಿರುವಿದ ಹಾಗಿದ್ದರೆ ವಾಪಸ್ ಕೊಡಿ. ತಲೆಯನ್ನು ನಿಧಾನ ಹಿಂದೆಮುಂದೆ ಮಾಡಿ. ಒಂದು ಕೂದಲೆಳೆ ಸರಿದರೂ ಚಿತ್ರ ಕಪ್ಪಾಗುವ ಸ್ಕೋಪ್ ಕಾಡಿನಲ್ಲಿ ಸಿಟ್ಟು ತರಿಸುತ್ತದೆ.

ಅಂತರ್ಜಾಲದಲ್ಲಿ ಕೊಳ್ಳುವವರಿಗೆ ಒಂದೇ ಎಚ್ಚರಿಕೆ. ಎಲ್ಲ ಕಡೆ 300 ಇರುವ ಸ್ಕೋಪ್ ಒಂದು ಕಡೆ ಮಾತ್ರ 110ಕ್ಕೆ ಇದ್ದರೆ ಅದು ಕಳ್ಳಮಾಲೋ ನಕಲಿಯೋ ಇರಬೇಕು. ಸೀರಿಯಲ್ ನಂಬರನ್ನು ಕಂಪನಿಗೆ ಫೋನು ಮಾಡಿ ಕೇಳಿ.

ಹಂತ 6: ಬೇಸ್ ಮತ್ತು ರಿಂಗ್

ಬೇಸ್ ನಿಮ್ಮ ರೈಫಲ್ಲಿನ ಮಾದರಿಗೆ ತಕ್ಕದ್ದೇ ಆಗಬೇಕು. ಲಾಂಗ್ ಆಕ್ಷನ್ನೋ ಶಾರ್ಟ್ ಆಕ್ಷನ್ನೋ, ಅಂದರೆ ಉದ್ದ ತೋಟೆಯದೋ ಗಿಡ್ಡ ತೋಟೆಯದೋ, ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಾದರಿ ಹೆಸರು ಬರೆದುಕೊಂಡು ಹೋಗಿ, "ರೆಮಿಂಗ್ಟನ್ ಇದೆ" ಅಂದರೆ ಸಾಲದು. ರಿಂಗಿನ ಎತ್ತರ ಎಷ್ಟು ಅಂದರೆ, ಮುಂದಿನ ಲೆನ್ಸ್ ನಳಿಗೆಗೆ ತಾಗಬಾರದು, ಬೋಲ್ಟ್ (ತೋಟೆ ತುಂಬಲು ಎತ್ತಿ ಎಳೆಯುವ ಹಿಡಿ ಇರುವ ಭಾಗ) ಎತ್ತಿದಾಗ ಹಿಂದಿನ ಕಣ್ಣುಭಾಗಕ್ಕೆ ತಾಗಬಾರದು, ಅದಕ್ಕಿಂತ ಎತ್ತರ ಬೇಡ. 40ರ ಲೆನ್ಸಿಗೆ ಹೆಚ್ಚಾಗಿ ಲೋ ಅಥವಾ ಮೀಡಿಯಂ ಸಾಕಾಗುತ್ತದೆ.

ಹಂತ 7: ಕೂರಿಸುವುದು

ಗುಂಡು ಹೊಡೆದಾಗ ಆಗುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಮೇಜಿನ ಮೇಲೆ. ಅವಸರ ಮಾಡಬೇಡಿ.

ಮೊದಲು ರೈಫಲ್ ಖಾಲಿ ಇದೆಯೇ ನೋಡಿ. ಬೋಲ್ಟ್ ತೆಗೆದಿಡಿ. ತೋಟೆಯನ್ನು ಬೇರೆ ಕೋಣೆಯಲ್ಲಿ ಇಡಿ.

ಬೇಸಿನ ತೂತು ಮತ್ತು ಸ್ಕ್ರೂಗಳ ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಒರೆಸಿ. ಬೇಸನ್ನು ಅದರ ಕಾಗದದಲ್ಲಿ ಬರೆದ ಟಾರ್ಕಿಗೆ ಬಿಗಿ ಮಾಡಿ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದು ಹನಿ ಬೇಸಿನ ಸ್ಕ್ರೂಗೆ ಹಾಕಬಹುದು, ರಿಂಗಿನ ಮೇಲಿನ ಸ್ಕ್ರೂಗೆ ಬೇಡ. ಹನಿ ಜಾರಿಕೆ ತರುವುದರಿಂದ ಅದೇ ಟಾರ್ಕಿನಲ್ಲಿ ಸ್ಕ್ರೂ ಜಾಸ್ತಿ ಬಿಗಿಯುತ್ತದೆ, ಕೊಳವೆ ಅಮುಕಿಹೋಗುತ್ತದೆ.

ರಿಂಗಿನ ಕೆಳಭಾಗ ಕೂರಿಸಿ, ಸ್ಕೋಪ್ ಇಟ್ಟು, ಮೇಲಿನ ಭಾಗವನ್ನು ಸ್ಕೋಪ್ ಜಾರುವಷ್ಟು ಸಡಿಲ ಬಿಡಿ. ಈಗ ಐ ರಿಲೀಫ್. ಪವರನ್ನು ಗರಿಷ್ಠಕ್ಕೆ, ಅಂದರೆ 9ಕ್ಕೆ ತಿರುಗಿಸಿ. ಶಿಕಾರಿಗೆ ಹಾಕುವ ದಪ್ಪ ಜಾಕೆಟ್ ಹಾಕಿಕೊಳ್ಳಿ. ಕಣ್ಣು ಮುಚ್ಚಿ, ರೈಫಲ್ ಭುಜಕ್ಕೆ ತಂದು, ಕೆನ್ನೆ ಆರಾಮಾಗಿ ಇಟ್ಟು, ಕಣ್ಣು ಬಿಡಿ. ಸುತ್ತ ಕಪ್ಪಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಕಾಣದಿದ್ದರೆ ತಲೆ ಸರಿಸಬೇಡಿ, ಸ್ಕೋಪ್ ಸರಿಸಿ. ಐದಾರು ಸಲ ಮಾಡಿ. ಕೂತು ಒಮ್ಮೆ, ನಿಂತು ಒಮ್ಮೆ.

ಸುಮ್ನೆ ಟೀಶರ್ಟಿನಲ್ಲಿ ಅಡುಗೆಮನೆ ಮೇಜಿನ ಮೇಲೆ, 3 ಪವರಿನಲ್ಲಿ ಹೊಂದಿಸಿದವನು ನಾನು. ರೇಂಜಿನಲ್ಲಿ 9ಕ್ಕೆ ತಿರುಗಿಸಿದರೆ ಚಿತ್ರ ಕಪ್ಪು. ಕತ್ತು ಮುಂದೆ ಚಾಚಿದೆ, ಕಂಡಿತು, ಕೋವಿಯ ಕುದುರೆ (ಟ್ರಿಗರ್) ಎಳೆದೆ. .30-06 ಹಿಂದಕ್ಕೆ ಒದ್ದು ಸ್ಕೋಪಿನ ಅಂಚು ಬಲ ಹುಬ್ಬಿಗೆ ಬಿತ್ತು. ರಕ್ತ ಕನ್ನಡಕದ ಒಳಗಡೆ ಹರಿದು ಏನೂ ಕಾಣಲಿಲ್ಲ. ಪಕ್ಕದ ಬೆಂಚಿನ ಅಜ್ಜ ಒಂದು ಪೇಪರ್ ಟವೆಲ್ ಕೊಟ್ಟು, ತನ್ನ ಟೋಪಿ ಎತ್ತಿ, ತನ್ನ ಹುಬ್ಬಿನ ಮೇಲಿದ್ದ ಅದೇ ಅರ್ಧಚಂದ್ರ ತೋರಿಸಿದ. ನನ್ನದು ಈಗಲೂ ಇದೆ.

ಮುಂದಿನದು ಮಟ್ಟ. ಒಂದು ರಸಮಟ್ಟವನ್ನು ಬೇಸಿನ ಚಪ್ಪಟೆ ಜಾಗದಲ್ಲಿ ಇಟ್ಟು ರೈಫಲ್ ಅಲುಗಾಡದಂತೆ ಮರಳು ಚೀಲದಲ್ಲಿ ನಿಲ್ಲಿಸಿ. ಇನ್ನೊಂದನ್ನು ಮೇಲಿನ ಟರೆಟ್ ಮುಚ್ಚಳದ ಮೇಲೆ ಇಡಿ. ಮುಚ್ಚಳ ನೂರಕ್ಕೆ ನೂರು ನೇರ ಇರುತ್ತದೆ ಅಂತ ನಂಬಬೇಡಿ. ಅಂಗಳದ ಆ ತುದಿಯಲ್ಲಿ ತೂಗುಗುಂಡು ನೇತುಹಾಕಿ, ಸ್ಕೋಪಿನ ಉದ್ದಗೆರೆ ಆ ದಾರದ ಮೇಲೆ ಕೂರುವಂತೆ ತಿರುಗಿಸಿ. ನೆರೆಮನೆಯ ಕಡೆ ತಿರುಗಿಸಿ ಇಟ್ಟು ಮಾಡಬೇಡಿ, ಬೋಲ್ಟ್ ಇಲ್ಲದ ರೈಫಲ್ ಅಂತ ಅವರಿಗೇನು ಗೊತ್ತು!

ರಿಂಗಿನ ಸ್ಕ್ರೂಗಳನ್ನು ಅಡ್ಡಡ್ಡ ಕ್ರಮದಲ್ಲಿ, ಕಾರಿನ ಚಕ್ರದ ನಟ್ಟಿನ ಹಾಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎರಡೂ ಪಕ್ಕದ ಸಂದು ಒಂದೇ ಸಮ ಇರಬೇಕು. ಹೆಚ್ಚಿನ ರಿಂಗುಗಳಿಗೆ 15ರಿಂದ 18 ಇಂಚ್-ಪೌಂಡ್ ಸಾಕು, ಆದರೂ ರಿಂಗಿನ ಜೊತೆ ಬಂದ ಕಾಗದ ಏನು ಹೇಳುತ್ತದೋ ಅದೇ ಅಂತಿಮ. ಬಿಗಿಯುವಾಗ ಸ್ಕೋಪ್ ಒಂದು ಕಡೆಗೆ ವಾಲುತ್ತದೆ. ಮುಗಿದ ಮೇಲೆ ದಾರವನ್ನು ಇನ್ನೊಮ್ಮೆ ನೋಡಿ.

ಕೊನೆಗೆ ಗೆರೆಯ ಫೋಕಸ್. ಸೂರ್ಯನಿಂದ ದೂರದ ಆಕಾಶದ ಕಡೆ ನೋಡಿ, ಹಿಂದಿನ ಉಂಗುರ ತಿರುಗಿಸಿ, ಗೆರೆ ಕಪ್ಪಗೆ ಚೂಪಾಗಿ ಕಾಣಬೇಕು. ಎರಡು ಸೆಕೆಂಡಿಗಿಂತ ಜಾಸ್ತಿ ನೋಡಬೇಡಿ, ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ.

ಹಂತ 8: ಗುರಿ ಹೊಂದಿಸುವುದು

ನೇರ 100 ಗಜಕ್ಕೆ ಹೋಗುವವರು ಒಂದು ಡಬ್ಬಿ ತೋಟೆಯನ್ನು ಮಣ್ಣಿಗೆ ಹೊಡೆದು ಬರುತ್ತಾರೆ. 25 ಗಜದಿಂದ ಶುರು ಮಾಡಿ.

ಬೋಲ್ಟ್ ತೆಗೆದ ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ಹಿಂದಿನಿಂದ ನಳಿಗೆಯೊಳಗೆ ನೋಡಿ. ಗುರಿ ಕಾಗದದ ಚುಕ್ಕಿ ನಳಿಗೆಯ ನಡುವಿಗೆ ಬರಲಿ. ರೈಫಲ್ ಅಲುಗಾಡಿಸದೆ ಟರೆಟ್ ತಿರುಗಿಸಿ ಗೆರೆಯನ್ನೂ ಅದೇ ಚುಕ್ಕಿಗೆ ತನ್ನಿ. ಇದರಿಂದ ಗುಂಡು ಕಾಗದದ ಮೇಲಂತೂ ಬೀಳುತ್ತದೆ.

ಈಗ ಮೂರು ಗುಂಡು. ಮೂರರ ನಡುವಿನ ಜಾಗ ಹುಡುಕಿ, ಅದರಿಂದ ಅಳೆಯಿರಿ. ಒಂದೇ ಗುಂಡು ನೋಡಿ ತಿರುಗಿಸಬೇಡಿ. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ ಕಾಲು ಎಂಒಎ (ಕೋನದ ಅಳತೆ). ಅಂದರೆ 100 ಗಜದಲ್ಲಿ ಸುಮಾರು ಕಾಲು ಇಂಚು, 25 ಗಜದಲ್ಲಿ ಅದರ ನಾಲ್ಕನೇ ಒಂದು, ಹದಿನಾರನೇ ಒಂದು ಇಂಚು. ಎಡವುವುದು ಇಲ್ಲಿಯೇ. 25 ಗಜದಲ್ಲಿ ಗುಂಡು 2 ಇಂಚು ಎಡಕ್ಕೆ ಬಿದ್ದರೆ 8 ಕ್ಲಿಕ್ ಅಲ್ಲ, 32 ಕ್ಲಿಕ್ ಬಲಕ್ಕೆ. "ಎಷ್ಟು ತಿರುಗಿಸಿದ್ರೂ ಸರೀತಾನೇ ಇಲ್ಲ, ಸ್ಕೋಪ್ ಕೆಟ್ಟಿದೆ" ಅಂತ ವಾಪಸ್ ಕಳಿಸಿದವರನ್ನು ಬಲ್ಲೆ. ಸ್ಕೋಪಿಗೆ ಏನೂ ಆಗಿರಲಿಲ್ಲ.

ಟರೆಟ್ ಮೇಲಿನ ಬಾಣ ತೋರಿಸುವುದು ಗುಂಡು ಸರಿಯುವ ದಿಕ್ಕನ್ನು. ಗುಂಡು ಕೆಳಗೆ ಬಿದ್ದರೆ ಮೇಲಿನ ದಿಕ್ಕಿಗೆ ತಿರುಗಿಸಿ. ಇಷ್ಟು ಸರಳ, ಆದರೂ ಗಾಬರಿಯಲ್ಲಿ ಉಲ್ಟಾ ಮಾಡುತ್ತೇವೆ.

25 ಗಜದಲ್ಲಿ ಗುಂಡು ಚುಕ್ಕಿಗಿಂತ ಅರ್ಧ ಇಂಚು ಕೆಳಗೆ ಬೀಳುವಂತೆ ಬಿಡಿ. ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚು ಮೇಲಿರುವುದರಿಂದ ಹತ್ತಿರದಲ್ಲಿ ಹಾಗೆಯೇ ಬೀಳಬೇಕು. ಆಮೇಲೆ 100 ಗಜ. ಮತ್ತೆ ಮೂರು ಗುಂಡು, ಅಳತೆ, ಕ್ಲಿಕ್, ಮತ್ತೆ ಮೂರು. ನಡುನಡುವೆ ನಳಿಗೆ ತಣ್ಣಗಾಗಲಿ. ಕೈಯಿಟ್ಟರೆ ಸುಡುವಂತಿದ್ದರೆ ಕಾಯಿರಿ, ಆ ಹೊತ್ತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

100 ಗಜಕ್ಕೆ ಹೊಂದಿಸಿದ .308ರ ಗುಂಡು 200 ಗಜದಲ್ಲಿ ಸುಮಾರು 4 ಇಂಚು ಕೆಳಗೆ ಬೀಳುತ್ತದೆ. ನಿಮ್ಮ ತೋಟೆಗೆ ಎಷ್ಟು ಅಂತ ಹೊಡೆದೇ ನೋಡಿ. ತೋಟೆಯ ಕಂಪನಿಯೋ ತೂಕವೋ ಬದಲಾದರೆ ಈ ಹಂತವನ್ನು ಮತ್ತೆ ಮಾಡಬೇಕು, ನೆಪ ಬೇಡ.

ಹಂತ 9: ಸ್ಕೋಪನ್ನೇ ಪರೀಕ್ಷಿಸಿ

ಗುರಿ ಹೊಂದಿದ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು, ಇದನ್ನು ಮಾಡಿ. 100 ಗಜದಲ್ಲಿ ಚುಕ್ಕಿಗೆ ಒಂದು ಗುಂಡು. 20 ಕ್ಲಿಕ್ ಮೇಲೆ, ಅದೇ ಚುಕ್ಕಿಗೆ ಗುರಿಯಿಟ್ಟು ಒಂದು. 20 ಬಲಕ್ಕೆ, ಒಂದು. 20 ಕೆಳಗೆ, ಒಂದು. 20 ಎಡಕ್ಕೆ, ಒಂದು. ಕಾಗದದ ಮೇಲೆ ಸುಮಾರು 5 ಇಂಚಿನ ಚೌಕ ಬರಬೇಕು, ಕೊನೆಯ ಗುಂಡು ಮೊದಲನೆಯದರ ಹತ್ತಿರವೇ ಬೀಳಬೇಕು. ನಿಮ್ಮ ರೈಫಲ್ ಮಾಮೂಲಿಯಾಗಿ ಎಷ್ಟು ಹರಡುತ್ತದೋ ಅಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಚೌಕದ ಬದಲು ಹಪ್ಪಳದ ಆಕಾರ ಬಂದರೆ ವಾಪಸ್ ಮಾಡಿ.

ಆಮೇಲೆ ಪವರ್ ಬದಲಿಸಿ 3ರಲ್ಲಿ ಮೂರು, 9ರಲ್ಲಿ ಮೂರು. ಎರಡು ಗುಂಪೂ ಒಂದೇ ಕಡೆ ಬೀಳಬೇಕು. ಅಗ್ಗದ ಸ್ಕೋಪು ಹೆಚ್ಚಾಗಿ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ.

ಎಚ್ಚರಿಕೆಯ ಸೂಚನೆಗಳು

ಗುಂಡು ಇದ್ದಕ್ಕಿದ್ದಂತೆ ಅಲ್ಲೊಂದು ಇಲ್ಲೊಂದು ಬೀಳತೊಡಗಿದರೆ ಸ್ಕೋಪನ್ನು ಬೈಯುವ ಮೊದಲು ಕ್ರಮವಾಗಿ ನೋಡಿ. ರೈಫಲ್ಲನ್ನು ಮರದ ಹಿಡಿಕೆಗೆ ಹಿಡಿದಿಡುವ ಸ್ಕ್ರೂ, ಬೇಸ್, ರಿಂಗ್, ತೋಟೆ, ಆಮೇಲೆ ನೀವು. ಕುದುರೆ ಎಳೆಯುವಾಗ ಬೆಚ್ಚುತ್ತಿದ್ದೀರಾ ಅಂತ ಗೆಳೆಯನೊಬ್ಬನಿಗೆ ನೋಡಲು ಹೇಳಿ. ಇವೆಲ್ಲ ಸರಿಯಿದ್ದರೆ ಮಾತ್ರ ಸ್ಕೋಪು. ಗುರಿ ಚೆನ್ನಾಗಿ ಹೊಡೆಯುತ್ತದೆ ಅಂತ ಗೊತ್ತಿರುವ ಇನ್ನೊಂದು ಸ್ಕೋಪನ್ನು ಹಾಕಿ ನೋಡುವುದು ಎಲ್ಲಕ್ಕಿಂತ ಬೇಗ ತಿಳಿಯುವ ದಾರಿ.

ಒಳಗಡೆಯ ಲೆನ್ಸಿನಲ್ಲಿ ಮಂಜು ಕಂಡರೆ ಸೀಲ್ ಹೋಗಿದೆ, ಮನೆಯಲ್ಲಿ ಬಿಚ್ಚಬೇಡಿ, ಗ್ಯಾರಂಟಿಗೆ ಕಳಿಸಿ. ಕ್ಲಿಕ್ ಮಾಡಿದ ಮೇಲೆ ಮೊದಲ ಗುಂಡು ಹಳೇ ಜಾಗಕ್ಕೇ ಬಿದ್ದು ಎರಡನೆಯದು ಹೊಸ ಜಾಗಕ್ಕೆ ಬಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ. ಅಲ್ಲಾಡಿಸಿದಾಗ ಸದ್ದು ಬಂದರೆ ಹೇಳುವುದೇ ಬೇಡ. ಕೊಳವೆಯ ಮೇಲೆ ರಿಂಗಿನ ಪಕ್ಕ ಹೊಳೆಯುವ ಗೀರು ಕಂಡರೆ ಸ್ಕೋಪ್ ಜಾರುತ್ತಿದೆ. ಇದನ್ನು ಹಿಡಿಯಲು ರಿಂಗಿನ ಅಂಚಿಗೆ ಸರಿಯಾಗಿ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿಟ್ಟುಕೊಳ್ಳಿ.

ಕಾಡಿಗೆ ಹೋಗುವ ದಿನ

ಪವರ್ 3ರಲ್ಲಿ ಇಟ್ಟು ನಡೆಯಿರಿ. ದೂರದ ಜಿಂಕೆ ಕಂಡರೆ 9ಕ್ಕೆ ತಿರುಗಿಸಲು ಸಮಯ ಇರುತ್ತದೆ. ಹತ್ತಿರದ್ದು ಕಂಡರೆ ಇಳಿಸಲು ಇರುವುದಿಲ್ಲ.

ಪೊದೆಯಲ್ಲಿ ಏನೋ ಅಲುಗಾಡಿತು, ಏನಿರಬಹುದು ಅಂತ ಸ್ಕೋಪಿನಲ್ಲಿ ನೋಡಬೇಡಿ. ಯಾವತ್ತೂ. ಸ್ಕೋಪಿನಲ್ಲಿ ನೋಡುವುದೆಂದರೆ ತುಂಬಿದ ರೈಫಲ್ಲನ್ನು ಅದರ ಕಡೆ ಹಿಡಿಯುವುದು, ಆ ಅಲುಗಾಡಿದ್ದು ಇನ್ನೊಬ್ಬ ಶಿಕಾರಿಯ ಮಗ ಆಗಿರಬಹುದು. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸೀಸನ್ನಿಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಟ್ಟೆ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ನೋಡಲು ಕೊರಳಲ್ಲಿ 8×42 ಬೈನಾಕ್ಯುಲರ್ ಇರಲಿ. ಸ್ಕೋಪಿನಲ್ಲಿ ಉಳಿಸಿದ 100 ಡಾಲರ್ ಅದಕ್ಕೆ ಹಾಕಿ.

ಸಂಜೆ ಚಳಿಯಿಂದ ಬೆಚ್ಚಗಿನ ಮನೆಯೊಳಗೆ ತಂದ ಕೂಡಲೇ ಲೆನ್ಸಿನ ಹೊರಗೆ ಹನಿ ಕಟ್ಟುತ್ತದೆ. ಅಂಗಿ ತುದಿಯಲ್ಲಿ ಒರೆಸಬೇಡಿ, ಕೋಟಿಂಗ್ ಗೀರಿಹೋಗುತ್ತದೆ. ಗುಂಡು ತೆಗೆದ ರೈಫಲ್ಲನ್ನು ಚೀಲದಿಂದ ಹೊರತೆಗೆದು, ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗೆ ನಿಲ್ಲಿಸಿ, ತಾನೇ ಒಣಗಲು ಬಿಡಿ. ದಾರಿಯಲ್ಲಿ ಬಿದ್ದಿದ್ದರೆ, ಬಂಡೆಗೆ ಬಡಿದಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮತ್ತೆ ಕಾಡಿಗೆ ಹೋಗುವ ಮೊದಲು ರೇಂಜಿನಲ್ಲಿ ಮೂರು ಗುಂಡು ಹೊಡೆದು ನೋಡಬೇಕು.